ಪರರ ಕೂಸನ್ನು ಹೊತ್ತ ಕೈ

(ಓದತಕ್ಕ ವೇದಭಾಗ: ವಿಮೋಚನಕಾಂಡ 2:1–10, 2 ಸಮುವೇಲ 4:4)



ಕಬ್ಬು ಕಡಿಯುವ ಕಾಲದಲ್ಲಿ ಅಫಜಲಪುರ ತಾಲೂಕಿನ ಹವಳಗಾದ ಕಡೆಗೆ ಹೊತ್ತು ಮೂಡುವಾಗ ಹೋಗುವವನು ಏನನ್ನು ಕಾಣುವನು? ಗಂಡಹೆಂಡಿರು ಜೋಡಿಯಾಗಿ ಕಬ್ಬಿನೊಳಗೆ ಇಳಿದಿರುವರು. ಹೊಲದ ಬದುವಿನ ಮೇಲೆ ಒಂಭತ್ತು ಹತ್ತು ವರುಷದ ಹುಡುಗಿಯೊಬ್ಬಳು ತನ್ನ ತಮ್ಮನನ್ನು ಕಂಕುಳಲ್ಲಿ ಎತ್ತಿಕೊಂಡು ನಿಂತಿರುವಳು. ಕೂಸು ಅತ್ತರೆ ಅವಳೇ ಸಂತೈಸಬೇಕು, ಹಸಿದರೆ ಅವಳೇ ತಾಯಿಯ ಬಳಿಗೆ ಒಯ್ಯಬೇಕು. ಆಕೆಯ ಪಾಟಿಚೀಲವು ಗುಡಿಸಲಿನ ಗೂಟಕ್ಕೆ ತೂಗುತ್ತಿರುವದು. ತಂದೆತಾಯಿಗಳು ಕಠಿಣ ಹೃದಯದವರಲ್ಲ. ಕೂಲಿ ಜೋಡಿಗೆ ದೊರಕುವದು. ಒಬ್ಬರು ಕೂತರೆ ಇಬ್ಬರ ಹಿಟ್ಟೂ ಹೋಗುವದು. ಆದರೂ, ಕೂಸನ್ನು ಹೊರುವದು ಯಾರ ಕೆಲಸ, ಅದನ್ನು ಹೇಗೆ ಹೊರತಕ್ಕದ್ದು ಎಂಬದನ್ನು ನಾವು ಇಂದು ದೇವರ ಮುಂದೆ ವಿಚಾರಿಸೋಣ.

ಮೊದಲನೆಯದಾಗಿ, ಪರರ ಕೂಸನ್ನು ನೋಡಿಕೊಳ್ಳುವದು ಹೀನವಾದ ಕೆಲಸವಲ್ಲ. ಮೋಶೆಯು ಮೂರು ತಿಂಗಳಿನ ಕೂಸಾಗಿದ್ದಾಗ ಅವನನ್ನು ಆಪಿನ ಪೆಟ್ಟಿಗೆಯಲ್ಲಿಟ್ಟು ಹೊಳೆಯ ಜಂಬುಹುಲ್ಲಿನೊಳಗೆ ಬಿಟ್ಟರು. ಫರೋಹನ ಕುಮಾರ್ತೆಯು ಅವನನ್ನು ಕಂಡು ಕನಿಕರಪಟ್ಟಳು. ಮೊಲೆಕೊಡುವದಕ್ಕೆ ಒಬ್ಬಳನ್ನು ಸಂಬಳಕ್ಕೆ ಗೊತ್ತುಮಾಡಿದಳು. ಆ ದಾದಿಯೇ ಹೆತ್ತ ತಾಯಿಯಾಗಿದ್ದಳು! ಜನರು ದಾದಿಯ ಸಂಬಳವೆಂದು ಎಣಿಸಿದ್ದರಲ್ಲಿ ಇಸ್ರಾಯೇಲ್ಯರ ಬಿಡುಗಡೆಯೇ ಅಡಗಿತ್ತು. ಆದಕಾರಣ ಕೂಲಿಗೆ ಕೂಸಾಡಿಸುವವಳನ್ನು ಯಾರೂ ಹೀಯಾಳಿಸಬಾರದು.

ಫ್ರಾನ್ಸ್ ದೇಶದ ವಾಲ್ಡರ್ಸ್‌ಬಾಕ್ ಎಂಬ ಗುಡ್ಡಗಾಡಿನ ಹಳ್ಳಿಗೆ 1767ರಲ್ಲಿ ಓಬರ್ಲಿನ್ ಎಂಬ ಬೋಧಕರು ಬಂದರು. ಅಲ್ಲಿಯೂ ತಂದೆತಾಯಿಗಳು ದುಡಿಯಲು ಹೋದಾಗ ಚಿಕ್ಕ ಮಕ್ಕಳು ದಿಕ್ಕಿಲ್ಲದೆ ತಿರುಗುತ್ತಿದ್ದವು. ಸಾರಾ ಬಾಂಜೆ ಎಂಬ ಯುವತಿಯು ಅವರನ್ನು ಕೂಡಿಸಿ ಹೆಣಿಗೆಯನ್ನೂ ಒಳ್ಳೆಯ ಮಾತನ್ನೂ ಕಲಿಸುತ್ತಿದ್ದಳು. ಲೂಯಿಸ್ ಶೆಪ್ಲರ್ ಎಂಬ ಬಡ ಹುಡುಗಿಯು ಬೋಧಕರ ಮನೆಗೆ ಸೇವಕಿಯಾಗಿ ಬಂದು ಅದೇ ಕೆಲಸಕ್ಕೆ ಕೈಹಚ್ಚಿದಳು. 1783ರಲ್ಲಿ ಅಮ್ಮನವರು ತೀರಿಹೋದ ಮೇಲೆ ಆಕೆಯು ತಾಯಿಯಿಲ್ಲದ ಮಕ್ಕಳನ್ನು ಸಾಕಿದಳು. ತನಗೆ ಸಂಬಳ ಬೇಡ, ಮನೆಯ ಮಗಳೆಂದು ಎಣಿಸಿದರೆ ಸಾಕೆಂದು ಕೇಳಿಕೊಂಡಳು. 1829ರಲ್ಲಿ ಫ್ರೆಂಚ್ ಅಕಾಡೆಮಿಯವರು ಈ ಸೇವಕಿಗೆ ಸದ್ಗುಣದ ಬಹುಮಾನವನ್ನು ಕೊಟ್ಟರು. ಈಗಲೂ ಯೂರೋಪಿನಲ್ಲಿ ಪರರ ಮನೆಯಲ್ಲಿದ್ದು ಮಕ್ಕಳನ್ನು ನೋಡಿಕೊಳ್ಳುವ ತರುಣಿಯರಿಗೆ ಓ ಪೇರ್ ಎಂಬ ಹೆಸರುಂಟು; ಅದರ ಅರ್ಥವು ಸರಿಸಮಾನವಾಗಿ ಎಂಬದು. ನಿಮ್ಮ ಕೂಸನ್ನು ಎತ್ತುವವಳನ್ನು ನೀವು ಹೊರಗಿನ ತೊಲೆಗೆ ಒರಗಿಸಿ ಊಟಕ್ಕಿಕ್ಕುವಿರೋ, ಮನೆಯವಳೆಂದು ಪಂಕ್ತಿಯಲ್ಲಿ ಕೂಡ್ರಿಸುವಿರೋ? ಆಲೋಚಿಸಿರಿ.

ಎರಡನೆಯದಾಗಿ, ಇದು ಭಯದಿಂದ ಮಾಡತಕ್ಕ ಕೆಲಸ. ಸೌಲನೂ ಯೋನಾತಾನನೂ ಮಡಿದ ಸುದ್ದಿ ಬಂದಾಗ ಯೋನಾತಾನನ ಮಗನಾದ ಮೆಫೀಬೋಶೆತನಿಗೆ ಐದು ವರುಷ. ದಾದಿಯು ಅವನನ್ನು ಎತ್ತಿಕೊಂಡು ಓಡಿದಳು. ಅವಸರದಲ್ಲಿ ಹುಡುಗನು ಬಿದ್ದು ಎರಡು ಕಾಲೂ ಕುಂಟಾದವು. ಆಕೆಯು ದ್ವೇಷಿಯಲ್ಲ, ಸೋಮಾರಿಯೂ ಅಲ್ಲ, ಉಳಿಸಬೇಕೆಂದೇ ಓಡಿದಳು. ಆದರೂ ಅವಳ ಒಂದು ಗಳಿಗೆಯ ಅವಸರವನ್ನು ಆ ಹುಡುಗನು ಜೀವಮಾನವೆಲ್ಲಾ ಹೊತ್ತನು. ಒಲೆಯ ಬಳಿಯಲ್ಲಿ, ಬಾವಿಯ ಕಟ್ಟೆಯಲ್ಲಿ, ಕಬ್ಬಿನ ಗಾಡಿಯ ಗಾಲಿಯ ಹತ್ತಿರ ಒಂದು ಗಳಿಗೆ ಕಣ್ಣು ತಪ್ಪಿದರೆ ಏನಾಗುವದೆಂದು ತಾಯಂದಿರಾದ ನಿಮಗೆ ನಾನು ಹೇಳಬೇಕೇ? ದೊಡ್ಡ ದಾದಿಯ ಕೈಯಿಂದಲೇ ಕೂಸು ಜಾರಿತು. ಹತ್ತು ವರುಷದ ಹುಡುಗಿಯ ಕೈಯ ಮೇಲೆ ಅಷ್ಟು ಭಾರವನ್ನು ಹೇಗೆ ಹೊರಿಸುತ್ತೀರಿ?

ಬೇಸಿಗೆಯ ರಜೆಯಲ್ಲಿ ಮಕ್ಕಳ ಶಿಬಿರ ನಡಿಸುವ ಯೌವನಸ್ಥರೇ, ಖೊಖೊ ಕಬಡ್ಡಿ ಕಲಿಸುವವರೇ, ಈ ಮಾತು ನಿಮಗೂ ಸಲ್ಲುವದು. ಆಟ ಕಲಿಸುವದಕ್ಕೂ ತರಬೇತು ಬೇಕೆಂದು ತಿಳಿದು ಹ್ಯಾರಿ ಕ್ರೋ ಬಕ್ ಎಂಬವರು 1920ರಲ್ಲಿ ಮದ್ರಾಸಿನಲ್ಲಿ ವೈ.ಎಂ.ಸಿ.ಎ. ದೈಹಿಕ ಶಿಕ್ಷಣ ಶಾಲೆಯನ್ನು ಸ್ಥಾಪಿಸಿದರು. ಗೆಲುವಿನ ಅವಸರದಲ್ಲಿ ಬಲಹೀನ ಹುಡುಗನನ್ನು ಬೈದು ನೂಕುವ ಗುರುವು ಆ ದಾದಿಯಂತೆಯೇ ಓಡುತ್ತಾನೆ. ಕಾಲು ಕುಂಟಾಗದಿದ್ದರೂ ಮನಸ್ಸು ಕುಂಟಾಗುವದು. ಇನ್ನೂ ಒಂದು ಮಾತನ್ನು ಮುಚ್ಚದೆ ಹೇಳಬೇಕಾಗಿದೆ. ಮಕ್ಕಳನ್ನು ಕೆಡಿಸುವ ದುಷ್ಟರು ಮಕ್ಕಳ ನಡುವೆಯೇ ಕೆಲಸ ಹುಡುಕಿಕೊಂಡು ಬರುವದುಂಟು. ಆದದರಿಂದ ಯಾರೂ ಮಗುವಿನ ಸಂಗಡ ಮರೆಯಲ್ಲಿ ಒಬ್ಬರೇ ಇರುವದು ಬೇಡ. ಮಗು ಅಂಜುತ್ತಾ ಏನಾದರೂ ಹೇಳಿದರೆ ಸಭೆಯ ಮಾನಕ್ಕೋಸ್ಕರ ಅದರ ಬಾಯಿ ಮುಚ್ಚಿಸಬೇಡಿರಿ. 2012ರ ಪೋಕ್ಸೋ ಕಾಯಿದೆಯ ಪ್ರಕಾರ, ಅಂಥ ಅಪರಾಧವನ್ನು ತಿಳಿದೂ ಪೊಲೀಸರಿಗೆ ತಿಳಿಸದಿರುವದು ತಾನೇ ಅಪರಾಧ. ಚಿಕ್ಕವರನ್ನು ಎಡವಿಸುವವನ ವಿಷಯದಲ್ಲಿ ಕರ್ತನು ಬೀಸುವ ಕಲ್ಲನ್ನೂ ಸಮುದ್ರವನ್ನೂ ಹೆಸರಿಸಿದ್ದನ್ನು ಮರೆಯಬೇಡಿರಿ.

ಮೂರನೆಯದಾಗಿ, ಕೂಸನ್ನು ಹಿಂದಕ್ಕೆ ಒಪ್ಪಿಸಬೇಕು. ಮೋಶೆಯ ತಾಯಿಯು ತಾನು ಹೆತ್ತವನನ್ನೇ ಬೆಳೆಸಿ, ದೊಡ್ಡವನಾದ ಮೇಲೆ ಅರಸನ ಮಗಳಿಗೆ ಒಪ್ಪಿಸಿದಳು. ಮಕ್ಕಳನ್ನು ನೋಡಿಕೊಳ್ಳುವವರಿಗೆ ಇದೇ ಕಡೇ ಪಾಠ. ಕಲಿಸಿದ ಹುಡುಗನು ಬೇರೊಬ್ಬ ಗುರುವಿನ ಬಳಿಗೆ ಹೋಗುವನು. ಎತ್ತಿ ಆಡಿಸಿದ ಕೂಸು ನಾಳೆ ನಿಮ್ಮ ಮುಖವನ್ನೇ ಮರೆಯುವದು. ಹೊಟ್ಟೆಕಿಚ್ಚಿಲ್ಲದೆ ಬಿಟ್ಟುಕೊಡಿರಿ. ಹೆತ್ತವರಾದ ನಾವೂ ದೇವರ ಕೂಸಿಗೆ ದಾದಿಗಳೇ ಹೊರತು ಒಡೆಯರಲ್ಲ. ತಂಗಿಯಾದರೇನು, ಅಕ್ಕನಾದರೇನು, ಇಬ್ಬರೂ ಆತನ ಮಕ್ಕಳು. ತಮ್ಮನನ್ನು ಕಾಯುವದಕ್ಕೋಸ್ಕರ ಅಕ್ಕನನ್ನು ಕಳೆದುಕೊಳ್ಳುವವನು ಒಡೆಯನಿಗೆ ಯಾವ ಲೆಕ್ಕ ಒಪ್ಪಿಸುವನು?

ಮೋಶೆಯ ಅಕ್ಕನೂ ಹೊಳೆಯ ಬಳಿಯಲ್ಲಿ ಕಾದು ನಿಂತಳಷ್ಟೆ ಎನ್ನುವಿರೋ? ನಿಂತಳು, ನಿಜ, ಅದು ಪ್ರಾಣಾಪಾಯದ ಕಾಲ. ದಾದಿ ದೊರೆತ ಕೂಡಲೇ ಕೂಸು ತಾಯಿಯ ಮಡಿಲಿಗೆ ಸೇರಿತು. ನಾವಾದರೋ ನಮ್ಮ ಹುಡುಗಿಯನ್ನು ಸುಗ್ಗಿಯಿಂದ ಸುಗ್ಗಿಗೆ ಬದುವಿನ ಮೇಲೆಯೇ ನಿಲ್ಲಿಸುತ್ತೇವೆ.

ಹಾಗಾದರೆ ಏನು ಮಾಡಬೇಕು? ಆರರಿಂದ ಹದಿನಾಲ್ಕು ವರುಷದ ಪ್ರತಿ ಮಗುವಿಗೂ ಶಾಲೆಯು ಹಕ್ಕೆಂದು 2009ರ ಕಾಯಿದೆ ಹೇಳುತ್ತದೆ. ಹದಿನಾಲ್ಕು ತುಂಬದವರನ್ನು ಮನೆಗೆಲಸಕ್ಕೆ ಇಟ್ಟುಕೊಳ್ಳುವದು 2006ರಿಂದಲೇ ನಿಷಿದ್ಧ. ಕೂಸಾಡಿಸಲು ಹುಡುಗಿಯನ್ನು ಇಡುವದೂ ಅದರೊಳಗೇ ಸೇರಿದೆ. ನಮ್ಮ ರಾಜ್ಯದಲ್ಲಿ 1975ರಲ್ಲಿ ಟಿ. ನರಸೀಪುರದಲ್ಲಿ ಮೊದಲಾದ ಅಂಗನವಾಡಿಯು ಇಂದು ಹಳ್ಳಿಹಳ್ಳಿಗೂ ಬಂದಿದೆ. ಮೂರು ವರುಷದೊಳಗಿನ ಕೂಸುಗಳಿಗೋಸ್ಕರ ಗ್ರಾಮ ಪಂಚಾಯತಿಗಳಲ್ಲಿ ಕೂಸಿನ ಮನೆಗಳನ್ನು ತೆರೆಯುವ ಕೆಲಸವು 2023ರಲ್ಲಿ ಆರಂಭವಾಯಿತು. ನಿಮ್ಮ ಪಂಚಾಯತಿಗೆ ಹೋಗಿ ಕೇಳಿರಿ. ಇಲ್ಲವಾದರೆ ಸಭೆಯ ಸ್ತ್ರೀಯರು ಸರದಿಯ ಮೇಲೆ ದಿನಕ್ಕಿಬ್ಬರು ಕೂಸುಗಳನ್ನು ನೋಡಿಕೊಳ್ಳಿರಿ. ಆ ದಿನದ ಅವರ ಕೂಲಿಯನ್ನು ಉಳಿದವರು ಕೂಡಿ ತುಂಬಿರಿ. ಹೊರಗಿನಿಂದ ಕಬ್ಬಿಗೆ ಬಂದವರ ಕೂಸುಗಳನ್ನೂ ಸೇರಿಸಿಕೊಳ್ಳಿರಿ. ಜಾತಿಯನ್ನಾಗಲಿ ಮತವನ್ನಾಗಲಿ ಕೇಳಬೇಡಿರಿ. ಫರೋಹನ ಮಗಳು ಕೂಸು ಇಬ್ರಿಯರದೆಂದು ತಿಳಿದೇ ಎತ್ತಿಕೊಂಡಳಲ್ಲವೇ?

ನಮ್ಮನ್ನು ತೋಳಿನಲ್ಲೆತ್ತಿ ಹೊತ್ತ ಪರಲೋಕದ ತಂದೆಯೇ, ನೀನು ನಮ್ಮ ಕೈಗೆ ಕೊಟ್ಟ ಚಿಕ್ಕವರನ್ನು ಬೀಳಿಸದ ಹಾಗೆ ನಮ್ಮನ್ನು ಕಾಪಾಡು. ನಮ್ಮ ಅವಸರದಿಂದ ಕುಂಟಾದವರನ್ನು, ದಾವೀದನು ಮೆಫೀಬೋಶೆತನನ್ನು ಕೂಡ್ರಿಸಿದಂತೆ, ನಿನ್ನ ಪಂಕ್ತಿಯಲ್ಲಿ ಕೂಡ್ರಿಸು. ಬದುವಿನ ಮೇಲೆ ನಿಂತಿರುವ ಹುಡುಗಿಯನ್ನು ಶಾಲೆಗೆ ಕಳುಹಿಸುವ ಧೈರ್ಯವನ್ನು ನಮಗೆ ದಯಪಾಲಿಸು. ಆಮೆನ್.