ಕೂಗದ ಹಾರ್ನೂ ಶಕ್ತಿವಾದವೂ

ಕಾರಣವೆನಿಸಿದ ವಸ್ತು ಕಣ್ಣೆದುರಿಗಿದ್ದೂ ಕಾರ್ಯ ಹುಟ್ಟದಿದ್ದರೆ ಅದರೊಳಗಿನ ಶಕ್ತಿ ನಾಶವಾಗಿದೆ ಎನ್ನಬೇಕೆ, ಬೇರೇನೋ ಅಡ್ಡ ಬಂದಿದೆ ಎನ್ನಬೇಕೆ ಎಂಬ ಪ್ರಶ್ನೆಯನ್ನು ಹಿಡಿದು ಭಾರತೀಯ ತತ್ತ್ವಶಾಸ್ತ್ರದ ಎರಡು ಪಂಥದವರಾದ ಮೀಮಾಂಸಕರೂ ನೈಯಾಯಿಕರೂ ಶತಮಾನಗಳ ಕಾಲ ವಾದಿಸಿದ್ದಾರೆ. ಅವರ ಉದಾಹರಣೆಯಲ್ಲಿ ಒಂದು ವಿಶಿಷ್ಟ ಮಣಿ ಹತ್ತಿರವಿದ್ದಾಗ ಬೆಂಕಿ ಸುಡುವುದಿಲ್ಲ, ಮಣಿಯನ್ನು ತೆಗೆದರೆ ಸುಡುತ್ತದೆ. ಇಷ್ಟನ್ನು ಎರಡೂ ಪಕ್ಷಗಳು ಒಪ್ಪುತ್ತವೆ. ಅಂಥ ಮಣಿಯನ್ನು ಇಂದು ಯಾರೂ ತಂದು ತೋರಿಸಲಾರರು. ಆದರೆ ವಾದದ ಜೀವಾಳವನ್ನು ಪರೀಕ್ಷಿಸಲು ಹಳೆಯ ಅಂಬಾಸಿಡರ್ ಕಾರಿನ ಕೂಗದ ಹಾರ್ನೊಂದು ಸಾಕು.

ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ 2014ರವರೆಗೂ ತಯಾರಾದ ಈ ಕಾರಿನಂಥ ಹಳೆಯ ವಾಹನಗಳಲ್ಲಿ ಬಹುಮಟ್ಟಿಗೆ 12 ವೋಲ್ಟಿನ ಬ್ಯಾಟರಿಯಿಂದ ಹೊರಟ ವಿದ್ಯುತ್ತು ಫ್ಯೂಸನ್ನು ದಾಟಿ ನೇರವಾಗಿ ಹಾರ್ನಿಗೆ ಬಂದು ನಿಂತಿರುತ್ತದೆ. ಸ್ಟಿಯರಿಂಗಿನ ನಡುವಿನ ಗುಂಡಿಯನ್ನು ಒತ್ತಿದಾಗ ಹಾರ್ನಿನ ಇನ್ನೊಂದು ತಂತಿ ಗಾಡಿಯ ಲೋಹದ ಮೈಯನ್ನು ಮುಟ್ಟಿ, ಅಂದರೆ ಮೆಕ್ಯಾನಿಕ್‌ಗಳು ಹೇಳುವಂತೆ ‘ಅರ್ತ್’ ಸಿಕ್ಕಿ, ಸುತ್ತು ಪೂರ್ಣವಾಗುತ್ತದೆ. ಆಗ ಒಳಗಿನ ಕಾಯಿಲು ಕಾಂತವಾಗಿ ತೆಳ್ಳನೆಯ ಉಕ್ಕಿನ ತಗಡನ್ನು ಎಳೆಯುತ್ತದೆ, ಎಳೆತದಿಂದಲೇ ಸಂಪರ್ಕದ ಪಾಯಿಂಟುಗಳು ಬಿಟ್ಟುಕೊಂಡು ವಿದ್ಯುತ್ತು ಕಡಿದುಹೋಗುತ್ತದೆ, ತಗಡು ಹಿಂದಕ್ಕೆ ಬಂದೊಡನೆ ಮತ್ತೆ ಕೂಡುತ್ತದೆ. ಸೆಕೆಂಡಿಗೆ ನೂರಾರು ಸಲ ನಡೆಯುವ ಈ ಅದಿರಾಟವೇ ಹಾರ್ನಿನ ಸದ್ದು. ಇವೆಲ್ಲ ಒಟ್ಟಿಗೆ ಸೇರಿದ್ದನ್ನು ನ್ಯಾಯಶಾಸ್ತ್ರ ‘ಸಾಮಗ್ರಿ’, ಎಂದರೆ ಕಾರ್ಯ ಹುಟ್ಟಲು ಬೇಕಾದ ಕಾರಣಗಳ ಪೂರ್ಣ ಸಮುದಾಯ, ಎಂದು ಕರೆಯುತ್ತದೆ.

ಮೀಮಾಂಸಕರ ಪ್ರಕಾರ ಬೆಂಕಿಯಲ್ಲಿ ಕಣ್ಣಿಗೆ ಕಾಣದ ದಾಹಕಶಕ್ತಿಯಿದೆ, ಮಣಿ ಅದನ್ನು ಕೆಡಿಸುತ್ತದೆ. ಕಂಡ ಸಂಗತಿ ಬೇರೆ ಬಗೆಯಲ್ಲಿ ಹೊಂದದಾಗ ಕಾಣದ ಸಂಗತಿಯೊಂದನ್ನು ಕಲ್ಪಿಸಿಕೊಳ್ಳುವ ‘ಅರ್ಥಾಪತ್ತಿ’ ಎಂಬ ಪ್ರಮಾಣದಿಂದ ಈ ಶಕ್ತಿ ತಿಳಿಯುತ್ತದೆಂದು ಅವರಲ್ಲಿ ಭಾಟ್ಟರೆಂಬ ಪಂಗಡದವರು ಹೇಳುತ್ತಾರೆ. ಹತ್ತನೆಯ ಶತಮಾನದ ಉದಯನ ‘ನ್ಯಾಯಕುಸುಮಾಂಜಲಿ’ಯಲ್ಲಿಯೂ, ಅವನ ಬಳಿಕ ಮಿಥಿಲೆಯ ಗಂಗೇಶ ‘ತತ್ತ್ವಚಿಂತಾಮಣಿ’ಯಲ್ಲಿಯೂ ಇದನ್ನು ಅಲ್ಲಗಳೆದರು. ಬೆಂಕಿ ಬೆಂಕಿಯಾಗಿಯೇ ಇದೆ. ಪ್ರತಿಬಂಧಕದ, ಅಂದರೆ ತಡೆಯೊಡ್ಡುವ ವಸ್ತುವಿನ, ಅಭಾವವೂ ಸಾಮಗ್ರಿಯ ಒಂದು ಅಂಗವಾಗಿದ್ದು ಮಣಿ ಇರುವಾಗ ಆ ಅಂಗ ತಪ್ಪಿರುತ್ತದೆ ಎಂಬುದು ಅವರ ಉತ್ತರ. ಇಲ್ಲದಿರುವುದು ಕಾರಣವಾದೀತೆ ಎಂಬ ಆಕ್ಷೇಪ ಸಹಜವಾದದ್ದೇ. ಆದರೆ ತುಕ್ಕು ಹಿಡಿದ ಅರ್ತ್ ತಂತಿಯ ತುದಿಯನ್ನು ಎಮರಿ ಕಾಗದದಿಂದ ಉಜ್ಜುವವನು ಹಾರ್ನಿಗೆ ಹೊಸದೇನನ್ನೂ ಸೇರಿಸದೆ ಇದ್ದದ್ದೊಂದನ್ನು ಇಲ್ಲವಾಗಿಸುತ್ತಾನೆ ಅಷ್ಟೆ, ಅಷ್ಟರಿಂದಲೇ ಹಾರ್ನು ಕೂಗುತ್ತದೆ ಎಂಬುದನ್ನು ನೋಡಿದಾಗ ನೈಯಾಯಿಕರ ಮಾತು ಕೇವಲ ಜಾಣತನದ್ದಲ್ಲವೆಂದು ಒಪ್ಪಬೇಕಾಗುತ್ತದೆ.

ವಾದ ಇನ್ನೂ ಸೂಕ್ಷ್ಮವಾಗುವುದು ‘ಉತ್ತೇಜಕ’ದ ವಿಚಾರದಲ್ಲಿ. ತಡೆಯುವ ಮಣಿ ಅಲ್ಲಿಯೇ ಇದ್ದರೂ ಅದರ ತಡೆಯನ್ನು ಮೀರಿಸುವ ಮತ್ತೊಂದು ಮಣಿಯನ್ನು ತಂದಿಟ್ಟರೆ ಬೆಂಕಿ ಸುಡುತ್ತದೆ ಎನ್ನುವುದಾದರೆ ಮಣಿಯ ಅಭಾವ ಕಾರಣವೆಂಬ ನಿಯಮವೇ ಮುರಿಯುತ್ತದೆ. ಇದಕ್ಕೆ ನೈಯಾಯಿಕರು, ಉತ್ತೇಜಕವಿಲ್ಲದ ಮಣಿ ಯಾವುದೋ ಅದರ ಅಭಾವವೇ ಕಾರಣ ಎಂದು ತಮ್ಮ ಮಾತನ್ನು ತಿದ್ದಿಕೊಂಡರು. ಕೂದಲು ಸೀಳುವ ಈ ತಿದ್ದುಪಡಿ ಕಾರಿನ ಬಾನೆಟ್ಟಿನ ಕೆಳಗೆ ದಿನವೂ ನಡೆಯುವ ಸಂಗತಿ. ಹಾರ್ನಿನಿಂದ ಗುಂಡಿಗೆ ಹೋಗುವ ತಂತಿಯನ್ನು ಬಿಚ್ಚಿ, ಹಾರ್ನಿನ ಆ ತುದಿಯಿಂದ ಬೇರೊಂದು ತಂತಿಯನ್ನು ನೇರವಾಗಿ ಗಾಡಿಯ ಮೈಗೆ ಮುಟ್ಟಿಸಿದಾಗ, ಸ್ಟಿಯರಿಂಗಿನ ಬುಡದಲ್ಲಿನ ತುಕ್ಕು ತುಕ್ಕಾಗಿಯೇ ಉಳಿದಿದ್ದರೂ ಹಾರ್ನು ಮೊಳಗುತ್ತದೆ. ಇದರಿಂದ ಬ್ಯಾಟರಿ, ಫ್ಯೂಸು, ಕಾಯಿಲುಗಳ ಮೇಲಿನ ಸಂದೇಹ ಒಮ್ಮೆಗೇ ತೊಲಗಿ, ದೋಷ ಗುಂಡಿಯ ಕಡೆಗಿದೆ ಎಂಬ ನಿಶ್ಚಯ ಹುಟ್ಟುತ್ತದೆ. ಇದ್ದರೆ ಆಗುತ್ತದೆ, ಇಲ್ಲದಿದ್ದರೆ ಆಗದು ಎಂದು ಎರಡೂ ಕಡೆಯಿಂದ ನೋಡುವ ‘ಅನ್ವಯ–ವ್ಯತಿರೇಕ’ ಎಂಬ ಪರೀಕ್ಷೆ ಇದೇ. ಹಾರ್ನಿನ ಶಕ್ತಿ ಉಡುಗಿತು ಎಂದು ಹೇಳಿ ಹೊಸದನ್ನು ಕೊಂಡು ತಂದವನಿಗೆ ಈ ಪರೀಕ್ಷೆಯ ಅಗತ್ಯವೇ ಕಂಡಿರುವುದಿಲ್ಲ. ಶಕ್ತಿವಾದದ ನಿಜವಾದ ಅಪಾಯವಿರುವುದು ಅದು ಹುಡುಕಾಟವನ್ನು ಬೇಗನೆ ಮುಗಿಸಿಬಿಡುವುದರಲ್ಲಿ.

ಹಾಗೆಂದು ಶಕ್ತಿವಾದಿಗಳನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಅರ್ಧ ತುಕ್ಕು ಹಿಡಿದ ತಂತಿಯ ತುದಿಯಲ್ಲಿ ಮಲ್ಟಿಮೀಟರ್ ಇಟ್ಟರೆ ಅದು 12 ವೋಲ್ಟನ್ನೇ ತೋರಿಸಬಹುದು, ಏಕೆಂದರೆ ಮೀಟರು ಎಳೆಯುವ ವಿದ್ಯುತ್ತು ತೀರ ಅಲ್ಪ. ಅದೇ ತುದಿಗೆ ಟೆಸ್ಟ್ ಲ್ಯಾಂಪಿನ ದೀಪವನ್ನು ಜೋಡಿಸಿದೊಡನೆ ಅದು ಮಂಕಾಗಿ ಉರಿಯುತ್ತದೆ. ಇರುವಿಕೆ ಬೇರೆ, ಕೆಲಸ ಮಾಡುವ ಸಾಮರ್ಥ್ಯ ಬೇರೆ, ಸಾಮರ್ಥ್ಯ ತಿಳಿಯುವುದು ಕಾರ್ಯದಿಂದ ಮಾತ್ರ ಎಂಬ ಮೀಮಾಂಸಕರ ಒತ್ತಾಯ ಇಲ್ಲಿ ಸಾರ್ಥಕವಾಗುತ್ತದೆ.

ಉಡುಪಿಯ ಮಧ್ವರ ಪರಂಪರೆಯೂ ಶಕ್ತಿಯನ್ನು ಹತ್ತು ಪದಾರ್ಥಗಳಲ್ಲಿ, ಅಂದರೆ ಜಗತ್ತನ್ನು ವಿಂಗಡಿಸುವ ಮೂಲ ವರ್ಗಗಳಲ್ಲಿ, ಒಂದಾಗಿ ಎಣಿಸಿ, ವಿಗ್ರಹದಲ್ಲಿ ಪ್ರತಿಷ್ಠೆಯಿಂದ ನೆಲೆಗೊಳ್ಳುವುದನ್ನು ‘ಆಧೇಯಶಕ್ತಿ’, ಅಂದರೆ ಹೊರಗಿನಿಂದ ತಂದಿರಿಸಿದ ಶಕ್ತಿ, ಎಂದು ಹೆಸರಿಸಿತು. ಉದಯನನಾದರೋ ಕಲ್ಲಿನಲ್ಲಿ ಅಂಥದ್ದೇನೂ ಹುಟ್ಟುವುದಿಲ್ಲವೆಂದು ವಾದಿಸಿ, ಪೂಜ್ಯತೆಯನ್ನು ದೇವತೆಯ ಸನ್ನಿಧಾನದಿಂದ ವಿವರಿಸಲು ಯತ್ನಿಸಿದನು. ಇವೆರಡರ ನಡುವೆ ಹಾರ್ನಿನ ದೃಷ್ಟಾಂತ ತೀರ್ಪು ಕೊಡಲಾರದು, ಏಕೆಂದರೆ ಪೂಜೆಯ ಫಲವನ್ನು ತಂತಿ ಮುಟ್ಟಿಸಿ, ತೆಗೆದು ನೋಡುವ ಅವಕಾಶ ಅಲ್ಲಿಲ್ಲ.