ರೂಪವೂ ವಿಸರ್ಜನೆಯೂ

ನಿರಾಕಾರ ಪರಬ್ರಹ್ಮವನ್ನು ಉಪಾಸಿಸುವ ಮನೆತನದಲ್ಲಿ ಹುಟ್ಟಿದವನೊಬ್ಬನು ತನ್ನ ಆಯುಷ್ಯವನ್ನೆಲ್ಲ ಆಕಾರಗಳ ಸೇವೆಯಲ್ಲಿಯೇ ಸವೆಸಿದನೆಂದರೆ, ಆತನು ಕುಲಧರ್ಮದಿಂದ ದೂರ ಸರಿದನೆನ್ನಬೇಕೆ, ಅಥವಾ ಅದನ್ನೇ ಬೇರೊಂದು ಮಾರ್ಗದಿಂದ ಆಚರಿಸಿದನೆನ್ನಬೇಕೆ? ಸತ್ಯಜಿತ್ ರಾಯ್ ಅವರನ್ನು ಕುರಿತು ಆಲೋಚಿಸುವಾಗ ಈ ಪ್ರಶ್ನೆ ಏಳದೆ ಇರದು. ಬ್ರಾಹ್ಮಸಮಾಜಕ್ಕೆ ಸೇರಿದ ಕಲ್ಕತ್ತೆಯ ಕುಟುಂಬದಲ್ಲಿ ಜನಿಸಿ, ಶಾಂತಿನಿಕೇತನದಲ್ಲಿ ಚಿತ್ರವಿದ್ಯೆ ಕಲಿತ ಅವರು ಪುಸ್ತಕಗಳಿಗೆ ಚಿತ್ರ ಬರೆದರು, ಚಲನಚಿತ್ರಗಳನ್ನು ತೆಗೆದರು. ತಾತ 1913ರಲ್ಲಿ ಆರಂಭಿಸಿದ್ದ ‘ಸಂದೇಶ’ ಎಂಬ ಮಕ್ಕಳ ಪತ್ರಿಕೆಯನ್ನು 1961ರಲ್ಲಿ ಮರಳಿ ಹೊರಡಿಸಿ, ಅದಕ್ಕಾಗಿ ಕಥೆಗಳನ್ನೂ ರಚಿಸಿದರು.

ಅವರ 1960ರ ‘ದೇವಿ’ ಚಿತ್ರ ತೊಡಗುವುದೇ ದುರ್ಗೆಯ ಮುಖದಿಂದ. ಬಣ್ಣ ಕಾಣದ ಬಿಳಿಯ ಮುಖವೊಂದು, ಕಣ್ಣು ಬರೆಸಿಕೊಂಡು, ಆಭರಣ ತೊಟ್ಟು, ನಾವು ನೋಡನೋಡುತ್ತಿದ್ದಂತೆಯೇ ದೇವತೆಯಾಗುತ್ತದೆ. ಮುಂದೆ ಮುದಿ ಜಮೀನ್ದಾರ ಕಾಳೀಕಿಂಕರನು ಸ್ವಪ್ನದಲ್ಲಿ ಕಿರಿಯ ಸೊಸೆ ದಯಾಮಯಿಯನ್ನು ಜಗನ್ಮಾತೆಯಾಗಿ ಕಂಡು, ಇನ್ನೂ ಎಳೆಹರೆಯದ ಆ ಹೆಣ್ಣನ್ನು ಕೂರಿಸಿ ಪೂಜೆಗೆ ತೊಡಗುತ್ತಾನೆ. ಮಣ್ಣಿನ ದುರ್ಗೆಗಾದರೋ ಪೂಜೆಯ ಕೊನೆಗೆ ವಿಸರ್ಜನೆಯುಂಟು. ಹೊಳೆಯ ನೀರು ಆಕೆಯನ್ನು ಮರಳಿ ಮಣ್ಣಾಗಿಸುತ್ತದೆ, ಭಕ್ತನು ಬರಿಗೈಯಲ್ಲಿ ಮನೆಗೆ ಬರುತ್ತಾನೆ. ದಯಾಮಯಿಗೆ ಅಂಥ ಬಿಡುಗಡೆಯಿಲ್ಲ. ಕಾಯಿಲೆಯ ಮಗುವನ್ನು ವೈದ್ಯನಿಗೊಪ್ಪಿಸದೆ ಅವಳ ಮಡಿಲಲ್ಲಿಟ್ಟರು. ಮಗು ತೀರಿಕೊಂಡಿತು, ಅವಳಿಗೆ ಚಿತ್ತಭ್ರಮೆಯಾಯಿತು. ಇದು ಹಿಂದೂ ಧರ್ಮದ ನಿಂದೆಯೆಂದು ಆಗ ಆಕ್ಷೇಪಿಸಿದವರಿದ್ದರು. ನನಗೇನೋ, ವಿಸರ್ಜನೆಯ ಅರ್ಥವನ್ನು ಆಕ್ಷೇಪಕರಿಗಿಂತ ನಿರಾಕಾರವಾದಿಗಳ ಈ ವಂಶಜನೇ ಚೆನ್ನಾಗಿ ಅರಿತಿದ್ದನೆಂದು ತೋರುತ್ತದೆ.

ಏಕೆಂದರೆ ಕಲಾವಿದನೂ ತಾನು ಕಂಡೊಂದು ರೂಪಕ್ಕೆ ದಾಸನಾಗಿ ಕುಳಿತುಬಿಡಬಲ್ಲನು. ‘ಪಥೇರ್ ಪಾಂಚಾಲಿ’ ಕಾದಂಬರಿಯ ಮಕ್ಕಳ ಆವೃತ್ತಿಗೆ ಚಿತ್ರ ಬರೆಯುವಾಗಲೇ ಅದರ ದೃಶ್ಯಗಳು ರಾಯರ ಮನಸ್ಸಿನಲ್ಲಿ ನೆಲೆಗೊಂಡಿದ್ದವು. ಆದರೆ ಕಪ್ಪು ಬಿಳುಪಿನ ಆ ಗೆರೆಗಳನ್ನು ಅಲ್ಲಿಯೇ ಬಿಟ್ಟು, ಬಂಗಾಳದ ಹಳ್ಳಿಯ ಬಿಸಿಲು, ಕೊಳ, ಮುದುಕಿಯ ಸುಕ್ಕುಗಟ್ಟಿದ ಮುಖ ಇವುಗಳ ಕೈಗೆ ಅವನ್ನು ಮತ್ತೊಮ್ಮೆ ಒಪ್ಪಿಸಿದುದರಿಂದಲೇ 1955ರ ಚಲನಚಿತ್ರ ಉಸಿರಾಡಿತು. ಒಂದು ಮಾಧ್ಯಮದಿಂದ ಮತ್ತೊಂದಕ್ಕೆ ದಾಟುವವನಿಗೆ ಪ್ರತಿಯೊಂದು ದಾಟುವಿಕೆಯೂ ಒಂದು ಸಣ್ಣ ವಿಸರ್ಜನೆಯೇ.

ರಾಯರು ಸ್ವೇಚ್ಛೆಯಿಂದ ಬಿಟ್ಟುಕೊಟ್ಟರೆಂಬುದು ದಿಟ. ಅವರ ಗುರು ಬಿನೋದ್ ಬಿಹಾರಿ ಮುಖರ್ಜಿಯವರಿಂದ ವಿಧಿಯೇ ಕಸಿದುಕೊಂಡಿತು. ನಡುವಯಸ್ಸು ದಾಟಿದ ಮೇಲೆ ಕುರುಡರಾದ ಈ ಚಿತ್ರಕಾರರನ್ನು ಕುರಿತು ಶಿಷ್ಯನು 1972ರಲ್ಲಿ ‘ದಿ ಇನ್ನರ್ ಐ’ ಎಂಬ ಸಾಕ್ಷ್ಯಚಿತ್ರವನ್ನು ತೆಗೆದನು. ದೃಷ್ಟಿ ಹೋದ ಮೇಲೆಯೂ ಅವರು ಕಾಗದವನ್ನು ಕತ್ತರಿಸಿ ಆಕೃತಿಗಳನ್ನು ಮಾಡುತ್ತಿದ್ದರು, ಹೆಂಚಿನ ಬಿಲ್ಲೆಗಳ ಭಿತ್ತಿಚಿತ್ರವನ್ನೂ ರಚಿಸಿದರು. ರೂಪವೆಂಬುದು ಕಣ್ಣಿನ ಮೋಹವೆಂದು ವಾದಿಸುವ ವೇದಾಂತಿಗಳು, ಆ ಬೆರಳುಗಳು ಯಾವ ಮೋಹಕ್ಕೆ ಒಳಗಾಗಿದ್ದುವೆಂಬುದನ್ನು ಮೊದಲು ವಿವರಿಸಬೇಕಾಗುತ್ತದೆ.