ಹೆಸರಿನ ಋಣ

ಒಂದು ತಿನಿಸನ್ನು ಮೆಚ್ಚುತ್ತೇವೆ ಎನ್ನುವಾಗ ನಾವು ಮೆಚ್ಚುವುದು ಯಾವುದನ್ನು? ಅದರ ರುಚಿಯನ್ನೋ, ಅದರ ಹೆಸರನ್ನೋ? ಹೆಸರು ಹಾಗೆಯೇ ಉಳಿದು ತಿನಿಸು ಬೇರೆಯಾದರೆ, ಮೆಚ್ಚಿ ನಂಬಿದವನಿಗೆ ಅನ್ಯಾಯವಾಯಿತೆಂದು ಹೇಳಬಹುದೆ? ಕೇಳುವುದಕ್ಕೆ ಇದು ತರ್ಕಶಾಸ್ತ್ರದ ಪ್ರಶ್ನೆಯಂತಿದೆ. ಆದರೆ ಬ್ರಿಟನ್ನಿನಲ್ಲಿ ಇದು ಚಹದ ಬಟ್ಟಲಿನ ಪಕ್ಕದ ತಟ್ಟೆಯಲ್ಲಿಯೇ ಬಂದು ಕುಳಿತಿದೆ. ಅಲ್ಲಿನ ಜನಕ್ಕೆ ತಮ್ಮ ಚಾಕೊಲೇಟು ಬಿಸ್ಕತ್ತುಗಳ ಮೇಲಿರುವ ಮಮತೆಯನ್ನು ಸ್ವಲ್ಪ ವಿಚಾರಿಸಿ ನೋಡಿದರೆ, ಈ ಪ್ರಶ್ನೆ ಎಷ್ಟು ಹಳೆಯದು, ಎಷ್ಟು ಜೀವಂತವಾದದ್ದು ಎಂಬುದು ತಿಳಿಯುತ್ತದೆ.

ಆ ಮಮತೆಗೆ ವಯಸ್ಸಾಗಿದೆ. ಮೆಕ್‌ವಿಟೀಸ್ ಕಂಪೆನಿಯ ಡೈಜೆಸ್ಟಿವ್ ಬಿಸ್ಕತ್ತು ಹುಟ್ಟಿದ್ದು 1892ರಲ್ಲಿ. ಅದರ ಒಂದು ಮೈಗೆ ಚಾಕೊಲೇಟು ಬಳಿದದ್ದು 1925ರಲ್ಲಿ. ನಮ್ಮ ಊರುಗಳ ಅಂಗಡಿಗಳಲ್ಲಿಯೂ ಸಿಗುವ ಬೌರ್ಬನ್ ಬಿಸ್ಕತ್ತು 1910ರಲ್ಲಿ ಲಂಡನ್ನಿನ ಪೀಕ್ ಫ್ರೀನ್ ಕಂಪೆನಿಯ ಒಲೆಯಿಂದ ಹೊರಟದ್ದು. ಗ್ಲಾಸ್ಗೋ ನಗರದ ಪೆಂಗ್ವಿನ್ ಬಂದುದು 1932ರಲ್ಲಿ. ಯಾರ್ಕ್ ನಗರದ ರೌನ್‌ಟ್ರೀ ಕಂಪೆನಿ 1935ರಲ್ಲಿ ‘ಚಾಕೊಲೇಟ್ ಕ್ರಿಸ್ಪ್’ ಎಂದು ಹೊರತಂದದ್ದೇ ಎರಡು ವರ್ಷಗಳ ಮೇಲೆ ‘ಕಿಟ್ ಕ್ಯಾಟ್’ ಎಂಬ ಹೆಸರನ್ನು ಪಡೆಯಿತು. ಈ ಬಿಸ್ಕತ್ತುಗಳು ಮಹಾಯುದ್ಧವನ್ನು ಕಂಡವು. 1953ರವರೆಗೆ ನಡೆದ ಸಿಹಿತಿನಿಸಿನ ಪಡಿತರವನ್ನು ಕಂಡವು. ಒಡೆಯರು ಬದಲಾದುದನ್ನೂ ಕಂಡವು. ರೌನ್‌ಟ್ರೀ ಕಂಪೆನಿ 1988ರಲ್ಲಿ ಸ್ವಿಟ್ಜರ್ಲೆಂಡಿನ ನೆಸ್ಲೆಯ ಪಾಲಾಯಿತು. ಮೆಕ್‌ವಿಟೀಸ್ 2014ರಲ್ಲಿ ತುರ್ಕಿಯ ಒಂದು ಉದ್ಯಮ ಸಮೂಹಕ್ಕೆ ಸೇರಿತು. ಹೆಸರುಗಳು ಮಾತ್ರ ಕದಲಲಿಲ್ಲ.

ಇಷ್ಟು ಕಾಲ ಬಾಳುವಂಥದು ಇವುಗಳಲ್ಲಿ ಏನಿದೆ? ಚಾಕೊಲೇಟಿನ ಉತ್ಕೃಷ್ಟತೆ ಎನ್ನುವಂತಿಲ್ಲ. ಆ ಕೀರ್ತಿ ಬೆಲ್ಜಿಯಮ್ಮಿಗೂ ಸ್ವಿಟ್ಜರ್ಲೆಂಡಿಗೂ ಸಂದದ್ದು. ಬ್ರಿಟಿಷರ ಚಾಕೊಲೇಟಿನಲ್ಲಿ ಹಾಲು ಹೆಚ್ಚು, ಸಕ್ಕರೆ ಹೆಚ್ಚು. ಕೋಕೋ ಬೆಣ್ಣೆಯ ಜತೆಗೆ ಬೇರೆ ಸಸ್ಯಗಳ ಕೊಬ್ಬೂ ಸ್ವಲ್ಪ ಸೇರುವುದುಂಟು. 1973ರಲ್ಲಿ ಬ್ರಿಟನ್ ಯೂರೋಪಿನ ಸಮುದಾಯವನ್ನು ಸೇರಿದಾಗ, ಇದನ್ನು ಚಾಕೊಲೇಟು ಎಂದು ಕರೆಯಬಹುದೇ ಎಂಬ ಜಗಳವೇ ಎದ್ದಿತು. ಆ ಜಗಳ ಮೂವತ್ತು ವರ್ಷ ನಡೆಯಿತು. ನೂರಕ್ಕೆ 5 ಪಾಲಿನವರೆಗೆ ಅಂಥ ಕೊಬ್ಬನ್ನು ಸೇರಿಸಬಹುದು, ಆದರೆ ಹೊದಿಕೆಯ ಮೇಲೆ ಹಾಗೆಂದು ಬರೆಯಬೇಕು ಎಂದು 2000ದಲ್ಲಿ ತೀರ್ಮಾನವಾಯಿತು. ಆಮೇಲೂ ಅದನ್ನು ಚಾಕೊಲೇಟಿನ ಬದಲಿ ಪದಾರ್ಥವೆಂದೇ ಕರೆಯಬೇಕೆಂದು ಇಟಲಿ, ಸ್ಪೇನ್ ದೇಶಗಳು ಹಟ ಹಿಡಿದುವು. 2003ರಲ್ಲಿ ಯೂರೋಪಿನ ನ್ಯಾಯಾಲಯ ಆ ಹಟವನ್ನು ತಳ್ಳಿಹಾಕಿತು.

ಈ ವ್ಯಾಜ್ಯದಲ್ಲಿ ನನಗೆ ಬ್ರಿಟಿಷರ ಕಡೆಗೇ ಒಲವು. ಶುದ್ಧಿ ಎಂಬುದು ನೆರೆಮನೆಯವನು ತನ್ನ ಅಳತೆಗೋಲಿನಿಂದ ಅಳೆದು ಹೇಳುವ ಮಾತಲ್ಲ. ಅಜ್ಜಿ ಕೊಟ್ಟದ್ದು, ತಾಯಿ ಡಬ್ಬಿಯಲ್ಲಿ ಇಟ್ಟದ್ದು, ಕಾರ್ಖಾನೆಯ ಕೂಲಿಗಾರ ಬಿಡುವಿನ ವೇಳೆಯಲ್ಲಿ ಜೇಬಿನಿಂದ ತೆಗೆದದ್ದು ಇದೇ ಆಗಿದ್ದರೆ, ಅವರ ಪಾಲಿಗೆ ಚಾಕೊಲೇಟು ಎಂದರೆ ಇದೇ. ಅವರ ಮೆಚ್ಚಿಕೆಯ ಗುಟ್ಟು ಎರಡು ಮಾತಿನಲ್ಲಿದೆ: ಅದು ಸುಲಭ ಬೆಲೆಗೆ ಸಿಕ್ಕಿತು, ನಿನ್ನೆ ಇದ್ದಂತೆ ಇಂದೂ ಇತ್ತು. ಲೋಕದಲ್ಲಿ ನಿನ್ನೆಯಂತೆ ಇಂದೂ ಇರುವ ವಸ್ತುಗಳು ಬಹಳ ಇಲ್ಲ. ಮೂರು ಕಾಸಿನ ಬಿಸ್ಕತ್ತು ಆ ಭರವಸೆಯನ್ನು ಕೊಡುತ್ತದೆಂದರೆ ಅದನ್ನು ಅಲ್ಪವೆಂದು ನಗುವ ಹಾಗಿಲ್ಲ.

ಹಾಗಾದರೆ ಹೆಸರೇ ಎಲ್ಲವೋ ಎಂದು ಕೇಳಬಹುದು. ಅಲ್ಲ ಎಂಬುದಕ್ಕೆ 1991ರ ಒಂದು ಸ್ವಾರಸ್ಯವಾದ ಮೊಕದ್ದಮೆ ಸಾಕ್ಷಿ. ‘ಜಾಫಾ ಕೇಕ್’ ಎಂಬುದು 1927ರಿಂದ ಬಂದ ತಿನಿಸು: ಕೆಳಗೆ ಮೆತ್ತನೆಯ ಬಿಲ್ಲೆ, ನಡುವೆ ಕಿತ್ತಿಳೆಯ ಪಾಕ, ಮೇಲೆ ಚಾಕೊಲೇಟು. ಬ್ರಿಟನ್ನಿನ ತೆರಿಗೆಯ ಕಾನೂನಿನಲ್ಲಿ ಕೇಕಿಗೆ ಸುಂಕವಿಲ್ಲ. ಚಾಕೊಲೇಟು ಹೊದಿಸಿದ ಬಿಸ್ಕತ್ತಿಗೆ ಉಂಟು. ಇದು ಬಿಸ್ಕತ್ತಿನ ಗಾತ್ರದ್ದು, ಬಿಸ್ಕತ್ತಿನ ಹಾಗೆ ಕೈಯಲ್ಲಿ ಹಿಡಿದು ತಿನ್ನುವಂಥದು, ಆದುದರಿಂದ ಬಿಸ್ಕತ್ತೇ ಎಂದು ಅಧಿಕಾರಿಗಳು ವಾದಿಸಿದರು. ಕೇಕೆಂದು ಹೆಸರಿಟ್ಟ ಮಾತ್ರಕ್ಕೆ ಕೇಕಾಗದು ಎಂದು ನ್ಯಾಯಮಂಡಲಿಯೂ ಒಪ್ಪಿತು. ಆದರೆ ವಸ್ತುವನ್ನೇ ಪರೀಕ್ಷಿಸಿತು. ಹಿಟ್ಟು ಕಲಸಿದ ಬಗೆ ಕೇಕಿನದು. ಅದಕ್ಕಿಂತ ಮುಖ್ಯವಾದ ಇನ್ನೊಂದು ಗುಣವನ್ನೂ ಗಮನಿಸಿತು: ಹಳತಾದರೆ ಬಿಸ್ಕತ್ತು ಮೆತ್ತಗಾಗುತ್ತದೆ, ಕೇಕು ಗಟ್ಟಿಯಾಗುತ್ತದೆ, ಜಾಫಾ ಕೇಕ್ ಗಟ್ಟಿಯಾಗುತ್ತದೆ. ಆದುದರಿಂದ ಅದು ಕೇಕೇ.

ಅಚ್ಚು ರಥವೋ, ಚಕ್ರ ರಥವೋ, ನೊಗ ರಥವೋ ಎಂದು ಮಿಳಿಂದ ರಾಜನನ್ನು ಕೇಳಿದ ಬೌದ್ಧ ಭಿಕ್ಷು ನಾಗಸೇನ ಈ ವಿಚಾರಣೆಯನ್ನು ಕಂಡಿದ್ದರೆ ಮುಗುಳ್ನಗುತ್ತಿದ್ದನೋ ಏನೊ! ರಥವೆಂಬುದು ಇವುಗಳಲ್ಲಿ ಯಾವೊಂದೂ ಅಲ್ಲ, ಇವೆಲ್ಲ ಕೂಡಿದಲ್ಲಿ ಲೋಕವ್ಯವಹಾರಕ್ಕಾಗಿ ಇಟ್ಟ ಹೆಸರು ಎಂಬುದು ಅಲ್ಲಿನ ಸಂವಾದದ ಸಾರ. ಲೋಕವ್ಯವಹಾರ ಎಂಬ ಮಾತನ್ನು ಸ್ವಲ್ಪ ಹಿಡಿದುಕೊಳ್ಳೋಣ. ಹೆಸರು ವಸ್ತುವಿನ ಒಳಗೂ ಇಲ್ಲ, ಮಾರುವವನ ಪೆಟ್ಟಿಗೆಯಲ್ಲಿಯೂ ಇಲ್ಲ. ಅದು ಕೊಡುವವನಿಗೂ ಕೊಳ್ಳುವವನಿಗೂ ನಡುವೆ ಆದ ಒಂದು ಒಪ್ಪಂದ. ಒಪ್ಪಂದವೆಂದ ಮೇಲೆ ಅಲ್ಲಿ ಧರ್ಮಾಧರ್ಮದ ಪ್ರಶ್ನೆ ಬಂದೇ ಬರುತ್ತದೆ.

ಈ ಒಪ್ಪಂದವನ್ನು ಎರಡು ಬಗೆಯಲ್ಲಿ ನಡಸಿದ ಎರಡು ನಿದರ್ಶನಗಳು ಬಿಸ್ಕತ್ತಿನ ಚರಿತ್ರೆಯಲ್ಲಿಯೇ ಇವೆ.

ಮೊದಲನೆಯದು ಯುದ್ಧಕಾಲದ್ದು. 1942ರ ಹೊತ್ತಿಗೆ ಬ್ರಿಟನ್ನಿನಲ್ಲಿ ಚಾಕೊಲೇಟಿಗೆ ಹಾಲು ದೊರೆಯದಂತಾಯಿತು. ಕಿಟ್ ಕ್ಯಾಟನ್ನು ಹಾಲಿಲ್ಲದ ಕಪ್ಪು ಚಾಕೊಲೇಟಿನಲ್ಲಿ ಮಾಡಬೇಕಾಯಿತು. ರೌನ್‌ಟ್ರೀಯವರು ಆಗ ಕೆಂಪು ಹೊದಿಕೆಯನ್ನು ತೆಗೆದು ನೀಲಿಯದನ್ನು ಹಾಕಿದರು. ನೀವು ಬಲ್ಲ ಹಳೆಯ ತಿನಿಸನ್ನು ಯುದ್ಧ ಮುಗಿಯುವವರೆಗೆ ಮಾಡಲಾಗದು, ಈಗ ನಮ್ಮಿಂದಾಗುವ ಪದಾರ್ಥಗಳಲ್ಲಿ ಅದಕ್ಕೆ ತೀರ ಹತ್ತಿರವಾದದ್ದು ಇದು ಎಂದು ಜಾಹೀರಾತಿನಲ್ಲಿ ಬಿಚ್ಚಿ ಹೇಳಿದರು. ಓದು ಬಾರದ ಮಗುವಿಗೂ ಹೊದಿಕೆಯ ಬಣ್ಣದಿಂದಲೇ ಗೊತ್ತಾಗುವಂತಿತ್ತು. ಯುದ್ಧ ಮುಗಿದು ಹಾಲು ಬಂದಿತು, ಕೆಂಪು ಹೊದಿಕೆಯೂ ಬಂದಿತು. ಒಪ್ಪಂದ ಮುರಿಯಲಿಲ್ಲ.

ಎರಡನೆಯದು ಇತ್ತೀಚಿನದು. ಪಶ್ಚಿಮ ಆಫ್ರಿಕದ ಘಾನಾ, ಐವರಿ ಕೋಸ್ಟ್ ದೇಶಗಳಲ್ಲಿ ಬೆಳೆ ಕೆಟ್ಟು, 2024ರ ಡಿಸೆಂಬರಿನಲ್ಲಿ ಕೋಕೋ ಬೆಲೆ ಟನ್ನಿಗೆ 12,000 ಡಾಲರುಗಳನ್ನು ದಾಟಿತು. ಬ್ರಿಟನ್ನಿನಲ್ಲಿ ಹಾಲು ಚಾಕೊಲೇಟು ಎನ್ನಿಸಿಕೊಳ್ಳಬೇಕಾದರೆ ಕೋಕೋ ಅಂಶ ನೂರಕ್ಕೆ 20 ಪಾಲಾದರೂ ಇರಬೇಕು. ಪೆಂಗ್ವಿನ್, ಕ್ಲಬ್ ಎಂಬ ಹೆಸರಾಂತ ಬಿಸ್ಕತ್ತುಗಳಲ್ಲಿ ಕೋಕೋ ಕಡಮೆ ಮಾಡಿ ಅಗ್ಗದ ಕೊಬ್ಬನ್ನು ಹೆಚ್ಚಿಸಿದ್ದರಿಂದ, ಅವುಗಳನ್ನು ಚಾಕೊಲೇಟು ಬಿಸ್ಕತ್ತೆಂದು ಕರೆಯುವಂತಿಲ್ಲ ಎಂಬ ಸಂಗತಿ 2025ರ ಅಕ್ಟೋಬರಿನಲ್ಲಿ ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು. ಹೊದಿಕೆಯ ಮೇಲೆ ಈಗ ಇರುವುದು ‘ಚಾಕೊಲೇಟಿನ ಸ್ವಾದ’. ಬಿಸ್ಕತ್ತಿನ ಮೇಲೆ ಬೇಕಾದಷ್ಟು ಚಾಕೊಲೇಟು ಉಂಟೆಂದು ಒಂದು ತಲೆಮಾರು ಕೇಳಿ ಬೆಳೆದ ಕ್ಲಬ್ಬಿನ ಘೋಷಣೆಯಿಂದಲೂ ಆ ಮಾತು ಬಿದ್ದುಹೋಯಿತು. ಹೆಸರು ಕ್ಷೀರಸಾಗರ ಭಟ್ಟ, ಮಜ್ಜಿಗೆಗೆ ಗತಿಯಿಲ್ಲ ಎಂಬ ನಮ್ಮ ಗಾದೆಯನ್ನು ಅಲ್ಲಿಯವರಿಗೆ ಕಲಿಸಿಕೊಡಬೇಕೆನಿಸುತ್ತದೆ.

ಮಾಡುವವನ ಕಷ್ಟವನ್ನೂ ನಾವು ಯೋಚಿಸಬೇಕು. ಕೋಕೋ ತುಟ್ಟಿಯಾದಾಗ ಅವನ ಮುಂದೆ ಇರುವುದು ಮೂರೇ ದಾರಿ: ಬೆಲೆ ಏರಿಸಬೇಕು, ಗಾತ್ರ ಇಳಿಸಬೇಕು, ಇಲ್ಲವೇ ಸತ್ವ ಇಳಿಸಬೇಕು. ಬೆಲೆ ಏರಿಸಿದರೆ ಬಡವನ ತಟ್ಟೆಯಿಂದ ಬಿಸ್ಕತ್ತು ಹೋಗುತ್ತದೆ. ಸುಲಭ ಬೆಲೆಯೂ ಹಳೆಯ ಒಪ್ಪಂದದ ಒಂದು ಭಾಗವೇ ಅಲ್ಲವೆ? ಹಾಗೆಂದು ನೋಡಿದರೆ ಸತ್ವ ಇಳಿಸಿದ್ದೇ ಮಹಾಪರಾಧವಲ್ಲ. ಯುದ್ಧಕಾಲದಲ್ಲಿ ರೌನ್‌ಟ್ರೀಯವರು ಮಾಡಿದ್ದೂ ಅದನ್ನೇ. ಇಂದಿನವರೂ ಸುಳ್ಳು ಬರೆಯಲಿಲ್ಲ. ಕಾನೂನು ಹೇಳಿದ ಮಾತನ್ನು ಹೊದಿಕೆಯ ಮೇಲೆ ಬರೆದಿದ್ದಾರೆ.

ಭೇದ ಇರುವುದು ಬೇರೊಂದು ಕಡೆ. ಒಬ್ಬನು ಕೊಳ್ಳುವವನಿಗೆ ತಿಳಿಯಲಿ ಎಂದು ಹೇಳಿದ. ಇನ್ನೊಬ್ಬನು ಹೇಳಲೇಬೇಕಾದಷ್ಟನ್ನು ಹೇಳಿದ. ಕಾನೂನು ಕೇಳುವುದು ಎರಡನೆಯದನ್ನು ಮಾತ್ರ. ಧರ್ಮ ಕೇಳುವುದು ಮೊದಲನೆಯದನ್ನು. ಹೊದಿಕೆಯ ಚಿತ್ರ, ಬಣ್ಣ, ಹೆಸರು ಎಲ್ಲವೂ ‘ನಾನು ನಿನ್ನ ಹಳೆಯ ಗೆಳೆಯ’ ಎನ್ನುತ್ತಿರುವಾಗ, ಮೂಲೆಯಲ್ಲಿನ ಒಂದು ಪದ ಮಾತ್ರ ‘ಅಲ್ಲ’ ಎಂದು ಪಿಸುಗುಟ್ಟಿದರೆ, ಅದನ್ನು ಸತ್ಯವೆಂದು ಒಪ್ಪಬಹುದಾದರೂ ಪ್ರಾಮಾಣಿಕತೆ ಎಂದು ಕರೆಯುವುದು ಕಷ್ಟ.

ತೊಂಬತ್ತು ವರ್ಷ ಬಾಳಿದ ಹೆಸರು ಇಂದಿನ ಒಡೆಯನ ಸ್ವಂತ ಸಂಪಾದನೆಯಲ್ಲ. ಹಿಂದಿನ ಕಾರ್ಖಾನೆಯ ಜನ ದುಡಿದದ್ದು, ಹಿಂದಿನ ಮಕ್ಕಳು ನಂಬಿದ್ದು ಅದರಲ್ಲಿ ಸೇರಿದೆ. ಅದು ಅವನ ಕೈಗೆ ಬಂದಿರುವ ಇಡುಗಂಟು. ಬಡ್ಡಿಯನ್ನು ಅವನು ತಿನ್ನಲಿ, ಯಾರೂ ಬೇಡವೆನ್ನುವುದಿಲ್ಲ. ಅಸಲನ್ನೇ ಕರಗಿಸುವಾಗ ಗಂಟು ಇಟ್ಟವರನ್ನು ಕರೆದು ಹೇಳಬೇಕಾದದ್ದು ನ್ಯಾಯ.

ಇದು ಬಿಸ್ಕತ್ತಿಗಷ್ಟೇ ಹೇಳಿದ ಮಾತಲ್ಲ. ಪದವಿಗಳಿಗೆ, ವಿದ್ಯಾಲಯಗಳಿಗೆ, ಪತ್ರಿಕೆಗಳಿಗೆ, ನಾವು ದಿನವೂ ಆಡುವ ದೊಡ್ಡ ಶಬ್ದಗಳಿಗೆ ಕೂಡ ಹಿರಿಯರು ಗಳಿಸಿಟ್ಟ ಹೆಸರಿದೆ. ಅಲ್ಲೆಲ್ಲ ಒಳಗಿನ ಸತ್ವ ಇಳಿದಾಗ ಹೊದಿಕೆಯ ಬಣ್ಣವನ್ನು ಬದಲಿಸುವ ಧೈರ್ಯ ಎಷ್ಟು ಜನಕ್ಕೆ ಇದ್ದೀತು? ಕಾಲ ಕೆಟ್ಟಾಗ ಹಾಲಿಲ್ಲದೆ ಹೋಗಬಹುದು. ಹಾಲಿಲ್ಲವೆಂದು ಹೇಳುವುದಕ್ಕೆ ಮಾತ್ರ ಯಾವ ಕಾಲದಲ್ಲಿಯೂ ಅಭಾವವಿಲ್ಲ.